ರಾಬರ್ಟ್ ವೈಸ್: ಎಡಿಟಿಂಗ್ ಟೇಬಲ್ ಕಲಿಸಿದ ನಿರ್ದೇಶನ

ಆಲ್ಪ್ಸ್ ತಪ್ಪಲಿನ ಹುಲ್ಲುಗಾವಲಿನಲ್ಲಿ ಕೈ ಚಾಚಿ ಹಾಡುವ ‘ದಿ ಸೌಂಡ್ ಆಫ್ ಮ್ಯೂಸಿಕ್’ನ ಮರಿಯಾ, ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ನಲ್ಲಿ ಹಾರುವ ತಟ್ಟೆಯಿಂದ ಇಳಿಯುವ ಲೋಹದ ದೈತ್ಯ, ‘ದಿ ಹಾಂಟಿಂಗ್’ನಲ್ಲಿ ಆಚೆ ಬದಿಯಿಂದ ಯಾರೋ ಉಸಿರಾಡಿದಂತೆ ಉಬ್ಬುವ ಬಾಗಿಲು: ಈ ಮೂರನ್ನೂ ತೆರೆಗೆ ತಂದವರು ಒಬ್ಬರೇ, ರಾಬರ್ಟ್ ವೈಸ್. ಬಾಕ್ಸಿಂಗ್, ಕೌಬಾಯ್ ಕಥೆ, ಜಲಾಂತರ್ಗಾಮಿ, ಕಂಪನಿಯ ಕುರ್ಚಿಗಾಗಿ ಜಗಳ, ಮರಣದಂಡನೆ, ರೋಗಾಣು, ಅಂತರಿಕ್ಷ ನೌಕೆ ಹೀಗೆ ಅವರು ಮುಟ್ಟದೆ ಬಿಟ್ಟ ವಿಷಯ ಕಡಿಮೆ. ಅದಕ್ಕೇ ಅವರ ಮೇಲೆ ಹಳೆಯ ಆಕ್ಷೇಪವೊಂದಿದೆ. ಎಲ್ಲ ಬಗೆಯ ಚಿತ್ರ ಮಾಡಿದರು ನಿಜ, ಆದರೆ ನೋಡಿದ ತಕ್ಷಣ ‘ಇದು ವೈಸ್’ ಎನ್ನುವಂಥ ಛಾಪು ಅವರಿಗಿಲ್ಲ ಎಂಬುದು ಆ ಮಾತು.

ಅವರ ಛಾಪನ್ನು ಎರಡು ಶಾಟ್‌ಗಳು ಕೂಡುವ ಜಾಗದಲ್ಲಿ ಹುಡುಕಬೇಕು. ನಿರ್ದೇಶಕರಾಗುವ ಮೊದಲು ಅವರು ಸುಮಾರು ಹತ್ತು ವರ್ಷ ಫಿಲ್ಮ್ ಕತ್ತರಿಸಿ ಅಂಟಿಸಿದವರು. ಒಂದು ಶಾಟ್ ಎಲ್ಲಿ ಮುಗಿಯಬೇಕು, ಮುಂದಿನದು ಎಲ್ಲಿ ಶುರುವಾಗಬೇಕು, ಆ ಹೊತ್ತಿಗೆ ಕಿವಿಗೆ ಏನು ಬೀಳುತ್ತಿರಬೇಕು ಎಂಬುದನ್ನು ಕ್ಯಾಮೆರಾ ಓಡುವ ಮೊದಲೇ ತಲೆಯಲ್ಲಿ ಗೊತ್ತುಮಾಡಿಕೊಳ್ಳುವ ಅಭ್ಯಾಸ ಅಲ್ಲಿ ಬೆಳೆಯಿತು. ಅವರ ವೈವಿಧ್ಯ ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಉತ್ತರ ಈ ಅಭ್ಯಾಸದಲ್ಲಿದೆ.

ವೈಸ್ ಹುಟ್ಟಿದ್ದು 1914ರ ಸೆಪ್ಟೆಂಬರ್ 10ರಂದು, ಇಂಡಿಯಾನಾ ರಾಜ್ಯದ ವಿಂಚೆಸ್ಟರ್‌ನಲ್ಲಿ. ಪತ್ರಕರ್ತನಾಗುವ ಆಸೆಯಿಂದ ಕಾಲೇಜು ಸೇರಿದರು. ಆರ್ಥಿಕ ಮಹಾಕುಸಿತದ ದಿನಗಳು, ಮನೆಯಲ್ಲಿ ಹಣವಿಲ್ಲ, ಓದು ನಿಂತಿತು. ಅಣ್ಣ ಡೇವಿಡ್ ಹಾಲಿವುಡ್‌ನ ಆರ್‌ಕೆಒ ಸ್ಟುಡಿಯೊದಲ್ಲಿ ಕೆಲಸಕ್ಕಿದ್ದರು. 1933ರಲ್ಲಿ ತಮ್ಮನೂ ಅಲ್ಲಿಗೇ ಹೋದರು. ಸಿಕ್ಕಿದ್ದು ರೀಲಿನ ಡಬ್ಬಗಳನ್ನು ಹೊತ್ತು ತರುವ, ಪ್ರಿಂಟ್‌ಗಳನ್ನು ಪರೀಕ್ಷಿಸುವ ಕೆಲಸ. ಅಲ್ಲಿಂದ ಶಬ್ದ ಪರಿಣಾಮ ಮತ್ತು ಸಂಗೀತದ ಜೋಡಣೆಗೆ, ಆಮೇಲೆ ವಿಲಿಯಂ ಹ್ಯಾಮಿಲ್ಟನ್ ಎಂಬ ಹಿರಿಯ ಸಂಕಲನಕಾರರ ಕೈಕೆಳಗೆ. 1939ರ ‘ದಿ ಹಂಚ್‌ಬ್ಯಾಕ್ ಆಫ್ ನೋತ್ರ್ ದಾಮ್’ ಹೊತ್ತಿಗೆ ಹ್ಯಾಮಿಲ್ಟನ್ ಜೊತೆ ಸಂಕಲನಕಾರರಾಗಿ ಇವರ ಹೆಸರೂ ತೆರೆಯ ಮೇಲೆ ಬಂತು.

ಆ ಕಾಲದ ಸಂಕಲನ ಎಂದರೇನು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು, ಇಲ್ಲವಾದರೆ ವೈಸ್ ಕಲಿತ ಶಿಸ್ತು ಅರ್ಥವಾಗುವುದಿಲ್ಲ. 35 ಎಂ.ಎಂ. ಫಿಲ್ಮಿನಲ್ಲಿ ಒಂದು ಅಡಿಗೆ 16 ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಓಡಿದರೆ ನಿಮಿಷಕ್ಕೆ 90 ಅಡಿ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಬರುತ್ತದೆ. ಚಿತ್ರದ ಫಿಲ್ಮ್ ಬೇರೆ, ಧ್ವನಿಯ ಫಿಲ್ಮ್ ಬೇರೆ. ಕ್ಲ್ಯಾಪ್ ಹಲಗೆ ಮುಚ್ಚಿಕೊಂಡ ಫ್ರೇಮಿನ ಮೇಲೆ ಒಂದು ಗುರುತು, ಧ್ವನಿಪಟ್ಟಿಯಲ್ಲಿ ಆ ‘ಟಪ್’ ಬಿದ್ದ ಜಾಗದಲ್ಲಿ ಇನ್ನೊಂದು ಗುರುತು ಹಾಕಿ, ಎರಡನ್ನೂ ಹಲ್ಲುಚಕ್ರಕ್ಕೆ ಕಚ್ಚಿಸಿ ಜೋಡಿಯಾಗಿ ಓಡಿಸಬೇಕು. ಚಿತ್ರದಿಂದ ನಾಲ್ಕು ಫ್ರೇಮ್ ತೆಗೆದು ಧ್ವನಿಯಿಂದ ತೆಗೆಯಲು ಮರೆತರೆ ಅಲ್ಲಿಂದ ರೀಲಿನ ತುದಿಯವರೆಗೂ ತುಟಿ ಒಂದು ಕಡೆ, ಮಾತು ಒಂದು ಕಡೆ. ಮಾತು ತಡವಾಗಿ ಬಂದರೆ ಪ್ರೇಕ್ಷಕ ಸ್ವಲ್ಪ ಸಹಿಸುತ್ತಾನೆ. ತುಟಿಗಿಂತ ಮೊದಲೇ ಬಂದರೆ ತಕ್ಷಣ ಮುಖ ಸಿಂಡರಿಸುತ್ತಾನೆ.

ಇನ್ನು ಅಂಟಿಸುವ ಕೆಲಸ. ಒಂದು ತುದಿಯಲ್ಲಿ ಚಿತ್ರ ಮೂಡುವ ಎಮಲ್ಷನ್ ಪದರವನ್ನು ಕೆರೆದು, ಸಿಮೆಂಟ್ ಎಂದು ಕರೆಯುವ ದ್ರಾವಣ ಸವರಿ, ಇನ್ನೊಂದು ತುದಿಯನ್ನು ಅದರ ಮೇಲೆ ಒತ್ತಿ ಹಿಡಿಯಬೇಕು. ಮನಸ್ಸು ಬದಲಾಯಿಸಿ ಆ ಬೆಸುಗೆ ಬಿಡಿಸಿದರೆ ಫ್ರೇಮ್ ಹಾಳಾಗುತ್ತದೆ. ಹೋದ ಫ್ರೇಮಿನ ಜಾಗಕ್ಕೆ ಕಪ್ಪು ಫಿಲ್ಮ್ ತುಂಡು ಸೇರಿಸದಿದ್ದರೆ ಮತ್ತೆ ಧ್ವನಿ ತಪ್ಪುತ್ತದೆ. ಇಂದಿನ ಕಂಪ್ಯೂಟರ್‌ನಲ್ಲಿ ನೂರು ಸಲ ಕತ್ತರಿಸಿ ನೂರು ಸಲ ಹಿಂದಕ್ಕೆ ಹೋಗಬಹುದು. ಅಲ್ಲಿ ಪ್ರತಿ ಸಂದೇಹಕ್ಕೂ ಬೆಲೆ ತೆರಬೇಕಿತ್ತು. ಹಾಗಾಗಿ ಒಳ್ಳೆಯ ಸಂಕಲನಕಾರರು ಕತ್ತರಿ ಹಾಕುವ ಮೊದಲು ಶಾಟನ್ನು ಮೂವಿಯೋಲಾ ಯಂತ್ರದ ಪುಟ್ಟ ಗಾಜಿನಲ್ಲಿ ಮತ್ತೆ ಮತ್ತೆ ಓಡಿಸಿ, ಕಟ್ ಬೀಳಬೇಕಾದ ಕ್ಷಣವನ್ನು ಮೈಗೆ ಹತ್ತಿಸಿಕೊಳ್ಳುತ್ತಿದ್ದರು.

ಈ ಕೌಶಲ ಅತಿ ಹತ್ತಿರದಿಂದ ಕಾಣುವುದು 1941ರ ‘ಸಿಟಿಜನ್ ಕೇನ್’ನಲ್ಲಿ. ಅದರ ನಿರ್ದೇಶಕ ಆರ್ಸನ್ ವೆಲ್ಸ್ ಆಗ ಇಪ್ಪತ್ತೈದರ ಆಸುಪಾಸಿನ ಹುಡುಗ, ವೆಲ್ಸ್‌ಗಿಂತ ವೈಸ್ ಕೆಲವೇ ತಿಂಗಳು ದೊಡ್ಡವರು. ಆ ಚಿತ್ರದ ಉಪಾಹಾರದ ಮೇಜಿನ ದೃಶ್ಯವನ್ನು ಸಿನಿಮಾ ಕಲಿಯುವವರೆಲ್ಲ ಇಂದಿಗೂ ಬಿಡಿಸಿ ನೋಡುತ್ತಾರೆ. ಪತ್ರಿಕೆಯ ಒಡೆಯ ಕೇನ್ ಮತ್ತು ಅವನ ಮೊದಲ ಹೆಂಡತಿ ಎಮಿಲಿ ತಿಂಡಿಗೆ ಕೂತಿದ್ದಾರೆ. ಮೊದಲ ತುಣುಕಿನಲ್ಲಿ ಹೊಸ ಮದುವೆಯ ಸಲ್ಲಾಪ. ಮುಂದಿನದರಲ್ಲಿ ಗಂಡ ಪತ್ರಿಕಾ ಕಚೇರಿಯಲ್ಲಿ ಕಳೆಯುವ ರಾತ್ರಿಗಳ ಬಗ್ಗೆ ಸಣ್ಣ ದೂರು. ಹೀಗೆ ತುಣುಕಿನಿಂದ ತುಣುಕಿಗೆ ಉಡುಪು ಬದಲಾಗುತ್ತದೆ, ಮಾತು ಬಿಗಿಯಾಗುತ್ತದೆ. ಕೊನೆಯ ತುಣುಕಿನಲ್ಲಿ ಮಾತೇ ಇಲ್ಲ. ಎಮಿಲಿ ಗಂಡನ ಎದುರಾಳಿ ಪತ್ರಿಕೆಯನ್ನು ಮುಖಕ್ಕೆ ಹಿಡಿದು ಓದುತ್ತಿದ್ದಾಳೆ. ಎರಡು ಚಿಲ್ಲರೆ ನಿಮಿಷದಲ್ಲಿ ಒಂದು ದಾಂಪತ್ಯ ಮುಗಿದುಹೋಯಿತು.

ತುಣುಕುಗಳನ್ನು ಕೂಡಿಸುವುದು ಸ್ವಿಶ್ ಪ್ಯಾನ್. ಕ್ಯಾಮೆರಾ ಒಮ್ಮೆಲೇ ಪಕ್ಕಕ್ಕೆ ತಿರುಗಿದಾಗ ಚಿತ್ರವೆಲ್ಲ ಗೆರೆಗೆರೆಯಾಗಿ ಕಲಸಿಹೋಗುತ್ತದೆ. ಆ ಕಲಸಿದ ಭಾಗದಲ್ಲಿ ಕಟ್ ಬಚ್ಚಿಡಬಹುದು. ಹೇಳಲು ಸುಲಭ. ಎರಡೂ ಬದಿಯ ಬೀಸು ಒಂದೇ ದಿಕ್ಕಿನಲ್ಲಿರಬೇಕು, ಹೆಚ್ಚುಕಡಿಮೆ ಒಂದೇ ವೇಗದಲ್ಲಿರಬೇಕು. ಕಲಸು ಉದ್ದವಾದರೆ ಹಿಂದಿನ ಮಾತಿನ ಚುಚ್ಚು ಆರಿಹೋಗುತ್ತದೆ. ಚಿಕ್ಕದಾದರೆ ಕಣ್ಣಿಗೆ ಎಡವಿದಂತಾಗುತ್ತದೆ. ಅದರ ಮೇಲೆ ಸಂಗೀತ ಸಂಯೋಜಕ ಬರ್ನಾರ್ಡ್ ಹರ್ಮನ್ ಬರೆದ ವಾಲ್ಟ್ಜ್ ಎಂಬ ನೃತ್ಯಸಂಗೀತದ ಧಾಟಿ ತುಣುಕಿಗೊಂದು ಬಗೆಯಲ್ಲಿ ಬದಲಾಗುತ್ತ ಹೋಗುತ್ತದೆ, ಆ ತಾಳಕ್ಕೂ ಕಟ್ ಒಪ್ಪಬೇಕು. ಬರಹದಲ್ಲಿ, ನಟನೆಯಲ್ಲಿ ಇಲ್ಲದ ಓಟವನ್ನು ಕತ್ತರಿ ಸೇರಿಸಲಾರದು, ಆದರೆ ಇದ್ದ ಓಟವನ್ನು ಕೆಡಿಸಲು ಆರು ಫ್ರೇಮ್ ಸಾಕು.

ಅದೇ ಚಿತ್ರದ ಆರಂಭದಲ್ಲಿ ಬರುವ ನಕಲಿ ಸುದ್ದಿಚಿತ್ರ ಇನ್ನೊಂದು ಪಾಠ. ಅದರಲ್ಲಿನ ಹಳೆಯ ಕಾಲದ ದೃಶ್ಯಗಳು ನಿಜಕ್ಕೂ ಹಳೆಯವೆಂದು ಕಾಣಬೇಕಿತ್ತು. ಹೊಚ್ಚಹೊಸ ಫಿಲ್ಮನ್ನು ನೆಲದ ಮೇಲೆ ಎಳೆದಾಡಿ, ಮರಳಿನಿಂದ ಉಜ್ಜಿ ಗೀರು ಬೀಳಿಸಿದರು. ಕಟ್‌ಗಳನ್ನೂ ಉಳಿದ ಚಿತ್ರದ ನಯ ಬಿಟ್ಟು ಸುದ್ದಿಚಿತ್ರದ ಅವಸರದಲ್ಲಿ ಹಾಕಿದರು. ಒಂದೇ ಚಿತ್ರದೊಳಗೆ ಎರಡು ಸಂಕಲನ ಶೈಲಿ ಬೇಕು, ವಿಷಯ ಕೇಳಿದ್ದನ್ನು ಕೊಡಬೇಕು ಎಂಬ ತಿಳಿವು ವೈಸ್‌ಗೆ ಇಲ್ಲಿಯೇ ಬಂತು ಎನ್ನಬಹುದು. ಈ ಕೆಲಸಕ್ಕೆ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡರು, ಪ್ರಶಸ್ತಿ ಬರಲಿಲ್ಲ.

ಮರುವರ್ಷದ ‘ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’ ಅವರ ಹೆಸರಿಗೆ ಅಂಟಿದ ಕಹಿ. ವೆಲ್ಸ್ ಚಿತ್ರೀಕರಣ ಮುಗಿಸಿ ಇನ್ನೊಂದು ಚಿತ್ರಕ್ಕಾಗಿ ಬ್ರೆಜಿಲ್‌ಗೆ ಹೋದರು. ಎರಡನೇ ಮಹಾಯುದ್ಧದ ಕಾಲ, ಸೂಚನೆಗಳೆಲ್ಲ ತಂತಿ ಮತ್ತು ದೂರವಾಣಿಯಲ್ಲಿ. ಮೊದಲ ಜೋಡಣೆ ಎರಡು ಗಂಟೆ ದಾಟಿತ್ತು. 1942ರ ಮಾರ್ಚ್‌ನಲ್ಲಿ ಪೊಮೋನಾ ಊರಿನಲ್ಲಿ ಪ್ರೇಕ್ಷಕರ ಮುಂದೆ ಪರೀಕ್ಷಾ ಪ್ರದರ್ಶನ ಇಟ್ಟರು. ಅದಕ್ಕೆ ಮೊದಲು ಅದೇ ಪರದೆಯ ಮೇಲೆ ಓಡಿದ್ದು ಹಗುರವಾದ ಸಂಗೀತ ಚಿತ್ರ. ನಕ್ಕು ನಲಿದು ಕೂತ ಜನರ ಮುಂದೆ ಒಂದು ಮನೆತನ ಕುಸಿಯುವ ಕಥೆ ಬಂದರೆ ಏನಾಗಬೇಕೋ ಅದೇ ಆಯಿತು: ಗಂಭೀರ ದೃಶ್ಯಗಳಿಗೆ ನಗು, ಅಭಿಪ್ರಾಯದ ಚೀಟಿಗಳಲ್ಲಿ ಬೈಗುಳ. ಸ್ಟುಡಿಯೊ ಗಾಬರಿಬಿತ್ತು. ಚಿತ್ರ 88 ನಿಮಿಷಕ್ಕೆ ಇಳಿಯಿತು, ಉಳಿದ ಭಾಗಗಳನ್ನು ಜೋಡಿಸುವ ಕೆಲವು ದೃಶ್ಯಗಳನ್ನು ಹೊಸದಾಗಿ ತೆಗೆಯಲಾಯಿತು, ಅದರಲ್ಲಿ ವೈಸ್ ಕೈಯೂ ಇತ್ತು. ಕತ್ತರಿಸಿದ ಭಾಗವನ್ನು ಸ್ಟುಡಿಯೊ ನಾಶಮಾಡಿತು. ಹರ್ಮನ್ ತಮ್ಮ ಹೆಸರು ತೆಗೆಸಿಕೊಂಡರು. ವೆಲ್ಸ್ ಕೊನೆಯವರೆಗೂ ಆ ಗಾಯ ಮರೆಯಲಿಲ್ಲ.

ವೈಸ್ ದ್ರೋಹ ಮಾಡಿದರೇ? ಸಂಬಳಕ್ಕಿದ್ದ ಸಂಕಲನಕಾರನಿಗೆ ಅಂದು ಆಯ್ಕೆ ಕಡಿಮೆ ಇತ್ತು, ನಿರ್ದೇಶಕ ಸಾವಿರಾರು ಮೈಲಿ ದೂರದಲ್ಲಿದ್ದರು. ಆದರೂ ಚಿತ್ರದ ಕೊನೆಯ ಭಾಗ ನೋಡಿದರೆ ಬೆಸುಗೆ ಕಾಣುತ್ತದೆ. ಬೆಳಕು ಬೇರೆ, ಕ್ಯಾಮೆರಾದ ನಡೆ ಬೇರೆ, ನಟರು ನಿಂತ ಬಗೆ ಬೇರೆ. ಚಿತ್ರ ಒಂದು ಲಯದಲ್ಲಿ ನಡೆಯುತ್ತಿದ್ದು ಅವಸರವಾಗಿ ಬಾಗಿಲು ಹಾಕಿಕೊಂಡಂತಾಗುತ್ತದೆ. ಆ ನಷ್ಟ ದೊಡ್ಡದು.

ನಿರ್ದೇಶನ ಕೈಗೆ ಬಂದದ್ದೂ ಇನ್ನೊಬ್ಬರ ಹಿನ್ನಡೆಯಿಂದಲೇ. ಆರ್‌ಕೆಒದಲ್ಲಿ ವ್ಯಾಲ್ ಲ್ಯೂಟನ್ ಎಂಬ ನಿರ್ಮಾಪಕರು ಅಲ್ಪ ಬಜೆಟ್ಟಿನಲ್ಲಿ ಭಯದ ಚಿತ್ರಗಳನ್ನು ಮಾಡುತ್ತಿದ್ದರು. ‘ದಿ ಕರ್ಸ್ ಆಫ್ ದಿ ಕ್ಯಾಟ್ ಪೀಪಲ್’ ನಿಗದಿಯಾದ ದಿನಗಳೆಲ್ಲ ಮುಗಿದರೂ ಅರ್ಧಕ್ಕೇ ನಿಂತಾಗ, ಅದರ ಸಂಕಲನ ಮಾಡುತ್ತಿದ್ದ ವೈಸ್ ಕೈಗೆ ಕೊಟ್ಟರು. 1944ರಲ್ಲಿ ಬಿಡುಗಡೆ. ಸಂಕಲನಕಾರನಿಗೆ ಕೊಟ್ಟದ್ದರಲ್ಲಿ ಒಂದು ವ್ಯಾವಹಾರಿಕ ಜಾಣತನ ಇದೆ: ಯಾವ ಶಾಟ್ ಇದೆ, ಯಾವುದು ಇಲ್ಲ, ಕಥೆ ಕೂಡಬೇಕಾದರೆ ಕನಿಷ್ಠ ಏನು ಬೇಕು ಎಂಬುದು ಅವನಿಗೆ ಮಾತ್ರ ಬಾಯಿಪಾಠ. ಲ್ಯೂಟನ್ ಅವರಿಂದ ವೈಸ್ ಕಲಿತದ್ದು, ಹೆದರಿಸಲು ದೆವ್ವ ತೋರಿಸಬೇಕಿಲ್ಲ ಎಂಬುದು. ನೆರಳು, ಸದ್ದು ಮತ್ತು ಸದ್ದು ನಿಂತ ಮೇಲಿನ ಮೌನ ಸಾಕು. ಬೋರಿಸ್ ಕಾರ್ಲಾಫ್ ನಟಿಸಿದ 1945ರ ‘ದಿ ಬಾಡಿ ಸ್ನ್ಯಾಚರ್’ನಲ್ಲಿ ಬೀದಿಯಲ್ಲಿ ಹಾಡುವ ಹುಡುಗಿ ಕತ್ತಲ ಕಮಾನಿನೊಳಗೆ ನಡೆದುಹೋಗುತ್ತಾಳೆ, ಹಿಂದೆಯೇ ಗಾಡಿ ಹೋಗುತ್ತದೆ. ಹಾಡು ನಡುವೆಯೇ ನಿಲ್ಲುತ್ತದೆ. ಕೊಲೆ ನಡೆದದ್ದು ಕಿವಿಗೆ ಮಾತ್ರ ಗೊತ್ತು.

ಸಂಕಲನಕಾರನ ತಲೆ ನಿರ್ದೇಶಕನ ಕೈಯಲ್ಲಿ ಪೂರ್ತಿಯಾಗಿ ದುಡಿದ ಚಿತ್ರ 1949ರ ‘ದಿ ಸೆಟ್-ಅಪ್’. ವಯಸ್ಸು ಮೀರಿದ ಬಾಕ್ಸರ್ ಒಬ್ಬನ ಒಂದು ರಾತ್ರಿ. ಚಿತ್ರದ ಅವಧಿ 72 ನಿಮಿಷ, ಕಥೆಯ ಅವಧಿಯೂ ಅಷ್ಟೇ. ಸಾಮಾನ್ಯ ಚಿತ್ರದಲ್ಲಿ ಕಟ್ ಎಂದರೆ ಸಮಯ ನುಂಗುವ ಸಾಧನ. ಮನೆಯಿಂದ ಹೊರಟವನು ಮುಂದಿನ ಶಾಟ್‌ನಲ್ಲಿ ಕಚೇರಿಯಲ್ಲಿರುತ್ತಾನೆ, ಯಾರೂ ಪ್ರಶ್ನಿಸುವುದಿಲ್ಲ. ಗಡಿಯಾರದ ಜೊತೆ ಓಡುವ ಚಿತ್ರದಲ್ಲಿ ಆ ಸೌಲಭ್ಯ ಇಲ್ಲ. ನಾಯಕ ಡ್ರೆಸಿಂಗ್ ರೂಮಿನಲ್ಲಿ ಕೂತಿದ್ದಾಗ ಹೆಂಡತಿ ಬೀದಿಯಲ್ಲಿ ಅಲೆಯುವುದನ್ನು ಮೂರು ನಿಮಿಷ ತೋರಿಸಿದರೆ, ಹಿಂದಿರುಗಿ ಬಂದಾಗ ಡ್ರೆಸಿಂಗ್ ರೂಮಿನಲ್ಲೂ ಮೂರು ನಿಮಿಷ ಕಳೆದಿರಬೇಕು. ಅಷ್ಟರಲ್ಲಿ ಕೈಗೆ ಪಟ್ಟಿ ಸುತ್ತಿ ಮುಗಿದಿರಬೇಕು, ಇನ್ನೊಬ್ಬ ಬಾಕ್ಸರ್ ಕಣಕ್ಕೆ ಹೊರಟಿರಬೇಕು. ಚೌಕದ ಗಡಿಯಾರವೂ ಫ್ರೇಮಿನಲ್ಲಿ ಕಾಣುತ್ತದೆ, ಮುಳ್ಳು ತಪ್ಪಿದರೆ ಎಲ್ಲರ ಮುಂದೆ ಸಿಕ್ಕಿಬೀಳುತ್ತದೆ. ಚಿತ್ರೀಕರಣವಂತೂ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ. ಸಂಕಲನ ಮುಗಿದ ಮೇಲೆ ಲೆಕ್ಕ ಸರಿಮಾಡುತ್ತೇನೆ ಎಂದರೆ ಇಂಥ ಚಿತ್ರ ಕೂಡುವುದೇ ಇಲ್ಲ. ಪ್ರತಿ ಶಾಟ್‌ನ ಉದ್ದ ಮೊದಲೇ ಗೊತ್ತಿರಬೇಕು.

ಕಾದಾಟವನ್ನು ಮೂರು ಕ್ಯಾಮೆರಾದಿಂದ ಒಟ್ಟಿಗೆ ಚಿತ್ರಿಸಿದರು. ಒಂದು ಇಡೀ ಕಣಕ್ಕೆ, ಒಂದು ಇಬ್ಬರು ಆಟಗಾರರಿಗೆ, ಇನ್ನೊಂದು ಕೈಯಲ್ಲಿ ಹಿಡಿದದ್ದು, ಸಿಕ್ಕಿದ ಮುಖ ಸಿಕ್ಕಿದ ಗುದ್ದು ಹಿಡಿಯಲು. ಖರ್ಚು ಮೂರುಪಟ್ಟು, ನಿಮಿಷಕ್ಕೆ 270 ಅಡಿ ಫಿಲ್ಮ್. ಲಾಭ ಸಂಕಲನದಲ್ಲಿದೆ. ಒಂದೇ ಕ್ಯಾಮೆರಾದಲ್ಲಿ ಅದೇ ಗುದ್ದನ್ನು ಮೂರು ಸಲ ಮಾಡಿಸಿದರೆ ಬೆವರಿನ ಹನಿ, ತಲೆಯ ವಾಲು, ಕಾಲಿನ ಜಾಗ ಪ್ರತಿ ಸಲ ಬೇರೆಯಾಗುತ್ತದೆ, ಕಟ್ ಕೂಡುವುದಿಲ್ಲ. ಮೂರೂ ಏಕಕಾಲಕ್ಕೆ ಓಡಿದರೆ ಯಾವ ಫ್ರೇಮಿನಿಂದ ಯಾವ ಫ್ರೇಮಿಗೆ ಹಾರಿದರೂ ಮೈ ಕೂಡುತ್ತದೆ. ನಟ ರಾಬರ್ಟ್ ರಯಾನ್ ಕಾಲೇಜಿನಲ್ಲಿ ನಿಜವಾಗಿ ಬಾಕ್ಸಿಂಗ್ ಮಾಡಿದವರು, ಹಾಗಾಗಿ ಉದ್ದದ ಶಾಟ್‌ನಲ್ಲೂ ಗುದ್ದು ಸುಳ್ಳೆನಿಸಲಿಲ್ಲ. ಕಾನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. ವೈಸ್ ಅವರ ಒಂದೇ ಚಿತ್ರ ನೋಡಲು ಬಿಡುವಿದ್ದರೆ ಇದನ್ನೇ ನೋಡಬೇಕು.

1951ರ ‘ದಿ ಡೇ ದಿ ಅರ್ತ್ ಸ್ಟುಡ್ ಸ್ಟಿಲ್’ನ ರೋಬಾಟ್ ಗೊರ್ಟ್ ಹೊಲಿಗೆಯೇ ಇಲ್ಲದ ಲೋಹದ ಮೈಯವನು. ಒಳಗಿದ್ದದ್ದು ಏಳು ಅಡಿ ಏಳು ಅಂಗುಲ ಎತ್ತರದ ಲಾಕ್ ಮಾರ್ಟಿನ್, ಮೇಲಿದ್ದದ್ದು ರಬ್ಬರ್ ಉಡುಪು. ಉಡುಪೆಂದ ಮೇಲೆ ಎಲ್ಲಾದರೂ ಬಿಚ್ಚಲೇಬೇಕು. ಅದಕ್ಕೆ ಎರಡು ಉಡುಪು ಹೊಲಿಸಿದರು, ಒಂದಕ್ಕೆ ಬೆನ್ನಲ್ಲಿ ಕಟ್ಟು, ಇನ್ನೊಂದಕ್ಕೆ ಎದೆಯಲ್ಲಿ. ಎದುರಿನಿಂದ ತೆಗೆಯುವಾಗ ಬೆನ್ನಲ್ಲಿ ಕಟ್ಟುವುದು, ಹಿಂದಿನಿಂದ ತೆಗೆಯುವಾಗ ಎದೆಯಲ್ಲಿ ಕಟ್ಟುವುದು. ಗೊರ್ಟ್ ಒಂದೇ ಶಾಟ್‌ನಲ್ಲಿ ಪೂರ್ತಿ ತಿರುಗುವಂತಿಲ್ಲ, ತಿರುಗುವುದನ್ನು ಕಟ್ ಮಾಡಿಕೊಡಬೇಕು. ಮಾರ್ಟಿನ್ ಎತ್ತರವಿದ್ದರೂ ಬಲವಿರಲಿಲ್ಲ. ನಾಯಕಿಯನ್ನು ಎತ್ತಿಕೊಂಡು ನಡೆಯುವ ಶಾಟ್‌ಗಳಿಗೆ ತಂತಿ ಮತ್ತು ಹಗುರವಾದ ಬೊಂಬೆಯ ನೆರವು ಬೇಕಾಯಿತು. ಹರ್ಮನ್ ಇಲ್ಲಿ ಎರಡು ಥೆರಮಿನ್ ಬಳಸಿದರು. ಅದು ಕೈ ಮುಟ್ಟಿಸದೆ ಗಾಳಿಯಲ್ಲಿ ಬೆರಳಾಡಿಸಿ ನುಡಿಸುವ ವಿದ್ಯುತ್ ವಾದ್ಯ. ಅದರ ಅಳುವಂಥ ದನಿ ಮುಂದೆ ಅನ್ಯಗ್ರಹದ ಚಿತ್ರಗಳಿಗೆಲ್ಲ ರೂಢಿಯಾಗಿಬಿಟ್ಟಿತು.

ಐವತ್ತರ ದಶಕದ ಉಳಿದ ಚಿತ್ರಗಳಲ್ಲಿ ಮೂರನ್ನು ಹೇಳಿದರೆ ಸಾಕು. ‘ಎಕ್ಸಿಕ್ಯೂಟಿವ್ ಸೂಟ್’ನಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ, ಗೋಪುರದ ಗಂಟೆ ಮತ್ತು ನಗರದ ಸದ್ದು ಆ ಜಾಗ ತುಂಬುತ್ತವೆ. 1958ರ ‘ಐ ವಾಂಟ್ ಟು ಲಿವ್!’ಗಾಗಿ ವೈಸ್ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಒಂದು ಮರಣದಂಡನೆಯನ್ನು ಕಣ್ಣಾರೆ ನೋಡಿದರು. ಚಿತ್ರದ ಕೊನೆಯಲ್ಲಿ ವಿಷಾನಿಲದ ಕೋಣೆಯನ್ನು ಸಿದ್ಧಪಡಿಸುವ ಕೆಲಸ ಒಂದೊಂದಾಗಿ ಬರುತ್ತದೆ. ಆಮ್ಲ ಅಳೆಯುವ ಕೈ, ಸಯನೈಡ್ ಗುಳಿಗೆ ಕಟ್ಟುವ ಕೈ, ಬಾಗಿಲಿನ ಬಿಗಿ ನೋಡುವ ಕೈ. ಆ ನೌಕರರ ಮುಖದಲ್ಲಿ ಕ್ರೌರ್ಯ ಇಲ್ಲ, ದಿನದ ಕೆಲಸದ ಗಮನ ಮಾತ್ರ ಇದೆ. ನಡುನಡುವೆ ದೂರವಾಣಿಯತ್ತ ಕಟ್, ಶಿಕ್ಷೆ ತಡೆಯುವ ಕರೆ ಬಂದೀತೇ ಎಂದು. ಯಾವ ಭಾಷಣಕ್ಕಿಂತ ಹೆಚ್ಚಾಗಿ ಈ ಜೋಡಣೆ ಎದೆ ಹಿಂಡುತ್ತದೆ. ಸೂಸನ್ ಹೇವರ್ಡ್‌ಗೆ ಶ್ರೇಷ್ಠ ನಟಿ ಆಸ್ಕರ್ ಬಂತು. ಮರುವರ್ಷದ ‘ಆಡ್ಸ್ ಅಗೇನ್‌ಸ್ಟ್ ಟುಮಾರೊ’ಗೆ ಸಂಕಲನ ಮಾಡಿದವರು ಡೀಡಿ ಆಲನ್. ವೈಸ್ ಆಕೆಗೆ ಹೊಸದನ್ನು ಮಾಡಿ ನೋಡಲು ಧೈರ್ಯ ಕೊಟ್ಟರು. ಮುಂದಿನ ದೃಶ್ಯದ ಶಬ್ದವನ್ನು ಹಿಂದಿನ ದೃಶ್ಯದ ಚಿತ್ರದ ಮೇಲೆಯೇ ಶುರುಮಾಡಿ ಪ್ರೇಕ್ಷಕನನ್ನು ಎಳೆದುಕೊಂಡು ಹೋಗುವ ವಿಧಾನ ಆಕೆಯ ಗುರುತಾಯಿತು. 1967ರ ‘ಬಾನಿ ಆ್ಯಂಡ್ ಕ್ಲೈಡ್’ ಕತ್ತರಿಸಿದವರು ಈಕೆಯೇ.

1961ರ ‘ವೆಸ್ಟ್ ಸೈಡ್ ಸ್ಟೋರಿ’ಯಲ್ಲಿ ಇಬ್ಬರು ನಿರ್ದೇಶಕರು. ನೃತ್ಯ ಜೆರೋಮ್ ರಾಬಿನ್ಸ್, ಕಥಾಭಾಗ ವೈಸ್. ರಾಬಿನ್ಸ್ ಪ್ರತಿ ಹೆಜ್ಜೆಯನ್ನು ತಿದ್ದಿ ಮತ್ತೆ ತೆಗೆಯುತ್ತ ಹೋದರು, ದಿನಗಳು ಮೀರಿದವು, ಹಣ ಮೀರಿತು, ನಡುವೆಯೇ ಅವರನ್ನು ಕೈಬಿಡಲಾಯಿತು. ಆದರೆ ಅವರು ತೆಗೆದ ನೃತ್ಯಗಳು ಚಿತ್ರದ ಜೀವ. ವೈಸ್ ಎದುರಿಸಿದ ಸಮಸ್ಯೆ ಬೇರೆ. ರಂಗದ ಮೇಲೆ ರೌಡಿ ಹುಡುಗರು ಕುಣಿದರೆ ನಂಬುತ್ತೇವೆ, ನಿಜವಾದ ಬೀದಿಯಲ್ಲಿ ಕುಣಿದರೆ ನಗು ಬರುತ್ತದೆ. ಅವರ ಪರಿಹಾರ ಆಕಾಶದಿಂದ ಶುರುವಾಗುತ್ತದೆ. ಹೆಲಿಕಾಪ್ಟರಿನಿಂದ ನೇರ ಕೆಳಗೆ ನೋಡಿದ ಮ್ಯಾನ್‌ಹಟನ್, ಪರಿಚಿತ ಊರು ಗೆರೆಗಳ ವಿನ್ಯಾಸದಂತೆ ಕಾಣುತ್ತದೆ. ಅಲ್ಲಿಂದ ಒಂದು ಆಟದ ಮೈದಾನಕ್ಕೆ, ಬೆರಳು ಚಿಟಿಕೆ ಹೊಡೆಯುವ ಹುಡುಗರಿಗೆ. ಮೊದಲು ನಡಿಗೆ, ನಡಿಗೆಯಲ್ಲಿ ಒಂದು ಜಾರು ಹೆಜ್ಜೆ, ಮತ್ತೆ ನಡಿಗೆ, ಆಮೇಲೆ ಪೂರ್ತಿ ಕುಣಿತ. ಕಣ್ಣು ಒಪ್ಪಿಕೊಳ್ಳುವಷ್ಟು ಮಾತ್ರ ಪ್ರತಿ ಕಟ್ ಕೊಡುತ್ತದೆ. ಚಿತ್ರಕ್ಕೆ 10 ಆಸ್ಕರ್. ಶ್ರೇಷ್ಠ ನಿರ್ದೇಶಕ ಪ್ರಶಸ್ತಿಯನ್ನು ಇಬ್ಬರು ಹಂಚಿಕೊಂಡದ್ದು ಅದೇ ಮೊದಲು.

ಆ ಬಣ್ಣದ ಮಳೆಯಾದ ಎರಡೇ ವರ್ಷಕ್ಕೆ ಕಪ್ಪು-ಬಿಳುಪಿನ ‘ದಿ ಹಾಂಟಿಂಗ್’. ಪ್ಯಾನಾವಿಷನ್ ಕಂಪನಿಯ ಬಳಿ 30 ಎಂ.ಎಂ.ನ ವಿಶಾಲ ಲೆನ್ಸ್ ಒಂದಿತ್ತು, ಇನ್ನೂ ಸರಿಯಾಗಿರಲಿಲ್ಲ. ಅಂಚಿನಲ್ಲಿ ಗೋಡೆ, ಕಂಬ ಬಾಗಿ ಕಾಣುತ್ತಿದ್ದವು. ವೈಸ್‌ಗೆ ಬೇಕಾಗಿದ್ದದ್ದೇ ಆ ದೋಷ. ಲೆನ್ಸ್ ಅಪೂರ್ಣವೆಂದು ತಮಗೆ ಗೊತ್ತಿದೆ ಎಂದು ಸಹಿ ಹಾಕಿಕೊಟ್ಟು ತೆಗೆದುಕೊಂಡರು. ಮನೆಯ ಹೊರಗಿನ ಶಾಟ್‌ಗಳಿಗೆ ಇನ್‌ಫ್ರಾರೆಡ್ ಫಿಲ್ಮ್ ಬಳಸಿದರು. ಅದರಲ್ಲಿ ನೀಲಿ ಆಕಾಶ ಕಪ್ಪಾಗಿ, ಎಲೆಗಳು ಬೆಳ್ಳಗೆ ಬೂದಿ ಬಳಿದಂತೆ ಬರುತ್ತವೆ. ಉಬ್ಬುವ ಬಾಗಿಲಿನ ಗುಟ್ಟು ತೀರಾ ಸರಳ: ಪದರ ಪದರವಾಗಿ ಅಂಟಿಸಿದ ಮರದ ಬಾಗಿಲನ್ನು ಹಿಂದಿನಿಂದ ಆಳು ನಿಂತು ದಿಮ್ಮಿಯಿಂದ ಒತ್ತಿದ್ದು. ಬಾಗಿಲು ಬಡಿಯುವ ಸದ್ದನ್ನು ಮೊದಲೇ ಧ್ವನಿಮುದ್ರಿಸಿ ಸೆಟ್ಟಿನಲ್ಲಿ ನುಡಿಸಿದರು. ನಟಿಯರು ಎಲ್ಲೋ ನೋಡಿ ಹೆದರಿದಂತೆ ನಟಿಸಬೇಕಾಗಲಿಲ್ಲ, ಸದ್ದು ಬಂದ ಕಡೆ ಅವರ ತಲೆ ತಾನಾಗಿ ತಿರುಗಿತು. ಆ ತಿರುಗುವ ಕ್ಷಣದಲ್ಲೇ ಕಟ್ ಹಾಕಲು ಬರುತ್ತದೆ. ದೆವ್ವ ಕೊನೆಗೂ ಕಾಣಿಸಿಕೊಳ್ಳುವುದಿಲ್ಲ. ಲ್ಯೂಟನ್ ಪಾಠ ಇಪ್ಪತ್ತು ವರ್ಷವಾದರೂ ಮಾಸಿರಲಿಲ್ಲ.

1965ರ ‘ದಿ ಸೌಂಡ್ ಆಫ್ ಮ್ಯೂಸಿಕ್’ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನು ಬಿಟ್ಟು ‘ಡೊ-ರೆ-ಮಿ’ ಹಾಡನ್ನು ಮಾತ್ರ ನೋಡೋಣ. ಹಾಡು ಬೆಟ್ಟದ ಹುಲ್ಲಿನಲ್ಲಿ ಗಿಟಾರಿನೊಂದಿಗೆ ಶುರುವಾಗುತ್ತದೆ, ಸಾಲ್ಜ್‌ಬರ್ಗ್‌ನ ಹೊಳೆದಂಡೆ, ಬೀದಿ, ಕುದುರೆ ಗಾಡಿ, ಸೈಕಲ್ ಸವಾರಿ ಸುತ್ತಿ ಮಿರಾಬೆಲ್ ಉದ್ಯಾನದ ಮೆಟ್ಟಿಲ ಮೇಲೆ ಮುಗಿಯುತ್ತದೆ. ನಡುವೆ ಉಡುಪು ಬದಲಾಗುತ್ತದೆ. ಸ್ವರ ಗೊತ್ತಿಲ್ಲದ ಮಕ್ಕಳು ಕೊನೆಗೆ ಪಳಗಿದ ಗಾಯಕರಾಗಿದ್ದಾರೆ. ಒಂದು ಹಾಡಿನಲ್ಲಿ ಹಲವು ದಿನಗಳು ಕಳೆದವು, ನಮಗೆ ಗೊತ್ತೇ ಆಗಲಿಲ್ಲ, ಏಕೆಂದರೆ ತಾಳ ಎಲ್ಲಿಯೂ ತುಂಡಾಗಲಿಲ್ಲ. ‘ಕೇನ್’ನ ಉಪಾಹಾರದ ಮೇಜಿನಲ್ಲಿ ವಾಲ್ಟ್ಜ್ ಮಾಡಿದ ಕೆಲಸವೇ ಇದು, ಅಲ್ಲಿ ಪ್ರೀತಿ ಸೋರಿಹೋಗುತ್ತಿತ್ತು, ಇಲ್ಲಿ ತುಂಬಿಕೊಳ್ಳುತ್ತಿದೆ.

ಇದನ್ನು ಹೊರಾಂಗಣದಲ್ಲಿ ತೆಗೆಯುವುದು ಕಷ್ಟದ ಲೆಕ್ಕ. ಹಾಡು ಮೊದಲೇ ಸ್ಟುಡಿಯೊದಲ್ಲಿ ಮುದ್ರಣವಾಗಿರುತ್ತದೆ, ಜಾಗದಲ್ಲಿ ಸ್ಪೀಕರ್ ಇಟ್ಟು ನುಡಿಸುತ್ತಾರೆ, ಮಕ್ಕಳು ತುಟಿ ಕೂಡಿಸಬೇಕು. ಪ್ರತಿ ಜಾಗದಲ್ಲೂ ಆ ಜಾಗಕ್ಕೆ ಬೇಕಾದ ಸಾಲಿಗಿಂತ ಒಂದೆರಡು ಸಾಲು ಮುಂಚಿನಿಂದ ಶುರುಮಾಡಿ, ಮುಗಿದ ಮೇಲೂ ಸ್ವಲ್ಪ ಓಡಿಸಬೇಕು. ಇಲ್ಲವಾದರೆ ಸಂಕಲನದಲ್ಲಿ ಕಟ್ಟನ್ನು ಮೂರು ಫ್ರೇಮ್ ಹಿಂದೆಮುಂದೆ ಸರಿಸಲೂ ಜಾಗವಿರುವುದಿಲ್ಲ. ಹೆಜ್ಜೆ ಎಡಗಾಲಲ್ಲಿ ಮುಗಿದರೆ ಮುಂದಿನ ಜಾಗದಲ್ಲಿ ಬಲಗಾಲಲ್ಲಿ ಏಳಬೇಕು. ವೈಸ್ ಜೊತೆ ದುಡಿದ ಚಿತ್ರಕಾರ ಮೌರಿಸ್ ಜುಬೆರಾನೊ ದೃಶ್ಯಗಳನ್ನು ಮೊದಲೇ ಸ್ಟೋರಿಬೋರ್ಡ್ ಆಗಿ ಬರೆದುಕೊಡುತ್ತಿದ್ದದ್ದು ಈ ಕಾರಣಕ್ಕೆ. ಇಷ್ಟೆಲ್ಲ ಸಿದ್ಧತೆಗೂ ಸಾಲ್ಜ್‌ಬರ್ಗ್‌ನ ಮಳೆ ಬಗ್ಗಲಿಲ್ಲ, ದಿನಗಟ್ಟಲೆ ಕಾಯಬೇಕಾಯಿತು. ಆರಂಭದ ಶಾಟ್‌ನಲ್ಲಿ ಹೆಲಿಕಾಪ್ಟರ್ ಪ್ರತಿ ಸಲ ಹತ್ತಿರ ಬಂದು ತಿರುಗುವಾಗ ಅದರ ಗಾಳಿ ಜೂಲಿ ಆ್ಯಂಡ್ರೂಸ್ ಅವರನ್ನು ಹುಲ್ಲಿನ ಮೇಲೆ ಕೆಡವುತ್ತಿತ್ತು. ಅವರು ಬೀಳುವ ಮೊದಲು ಸಿಕ್ಕ ಅಷ್ಟು ಅಡಿಗಳೇ ಇಂದು ನಾವು ನೋಡುವ ಶಾಟ್. ಚಿತ್ರ ಶ್ರೇಷ್ಠ ಚಿತ್ರ, ಶ್ರೇಷ್ಠ ನಿರ್ದೇಶಕ ಸೇರಿ 5 ಆಸ್ಕರ್ ಗಳಿಸಿತು. ಸಂಕಲನದ ಪ್ರಶಸ್ತಿ ವಿಲಿಯಂ ರೆನಾಲ್ಡ್ಸ್‌ಗೆ ಬಂತು.

ಮರುವರ್ಷ ತೈವಾನ್ ಮತ್ತು ಹಾಂಗ್‌ಕಾಂಗ್‌ನಲ್ಲಿ ತೆಗೆದ ‘ದಿ ಸ್ಯಾಂಡ್ ಪೆಬಲ್ಸ್’ ಗಟ್ಟಿ ಚಿತ್ರ. 1968ರ ‘ಸ್ಟಾರ್!’ ಮುಳುಗಿತು. ಜೂಲಿ ಆ್ಯಂಡ್ರೂಸ್ ಇದ್ದರೂ ಜನ ಬರಲಿಲ್ಲ. 1971ರ ‘ದಿ ಆಂಡ್ರೊಮೆಡಾ ಸ್ಟ್ರೇನ್’ ಮತ್ತೆ ಹೊಸ ದಾರಿ: ಅನ್ಯಲೋಕದ ರೋಗಾಣು, ನೆಲದಡಿಯ ಪ್ರಯೋಗಾಲಯ, ನಾಲ್ವರು ವಿಜ್ಞಾನಿಗಳು. ಇಲ್ಲಿ ಅವರು ಹೆಚ್ಚಾಗಿ ಬಳಸಿದ್ದು ಸ್ಪ್ಲಿಟ್ ಡಯಾಪ್ಟರ್. ಲೆನ್ಸಿನ ಮುಂದೆ ಅರ್ಧ ಭಾಗಕ್ಕೆ ಮಾತ್ರ ಕನ್ನಡಕದಂಥ ಗಾಜು ಕೂರಿಸಿದರೆ, ಫ್ರೇಮಿನ ಒಂದು ಅರ್ಧದಲ್ಲಿ ಒಂದಡಿ ದೂರದ ಮುಖ ಸ್ಪಷ್ಟ, ಇನ್ನೊಂದು ಅರ್ಧದಲ್ಲಿ ಇಪ್ಪತ್ತಡಿ ದೂರದ ವ್ಯಕ್ತಿಯೂ ಸ್ಪಷ್ಟ. ನಡುವೆ ಮಸುಕಾದ ಗೆರೆಯೊಂದು ಉಳಿಯುತ್ತದೆ. ಅದನ್ನು ಬಾಗಿಲ ಚೌಕಟ್ಟು, ಗೋಡೆಯ ಮೂಲೆ ಅಥವಾ ಕಪ್ಪು ಹಿನ್ನೆಲೆಯ ಮೇಲೆ ಕೂರಿಸಿ ಮರೆಮಾಡಬೇಕು. ಕ್ಯಾಮೆರಾ ಅಲುಗಬಾರದು. ನಟ ಆ ಗೆರೆ ದಾಟಿ ಕೈ ಚಾಚಿದರೆ ಮೊಣಕೈಯಿಂದಾಚೆ ಕೈ ಕರಗಿಹೋದಂತೆ ಕಾಣುತ್ತದೆ. ‘ಕೇನ್’ನಲ್ಲಿ ಹತ್ತಿರವೂ ದೂರವೂ ಒಂದೇ ಫ್ರೇಮಿನಲ್ಲಿ ಸ್ಪಷ್ಟವಾಗಿದ್ದದ್ದನ್ನು ನೋಡಿದವರಿಗೆ ಇದರ ಬೇರು ಗೊತ್ತಾಗುತ್ತದೆ. ಎರಡು ಮುಖಗಳ ನಡುವೆ ಕತ್ತರಿಸುವ ಬದಲು ಎರಡನ್ನೂ ಒಟ್ಟಿಗಿಟ್ಟು, ಯಾರನ್ನು ನೋಡಬೇಕೆಂಬುದನ್ನು ಪ್ರೇಕ್ಷಕನ ಕಣ್ಣಿಗೇ ಬಿಟ್ಟರು.

ಇಂಥ ಮನುಷ್ಯನಿಗೆ ಕತ್ತರಿಸಲು ಸಮಯವೇ ಸಿಗದ ಚಿತ್ರ 1979ರ ‘ಸ್ಟಾರ್ ಟ್ರೆಕ್: ದಿ ಮೋಷನ್ ಪಿಕ್ಚರ್’. ವಿಶೇಷ ಪರಿಣಾಮಗಳ ಕೆಲಸ ಮೊದಲು ವಹಿಸಿದ ಕಡೆ ಆಗದೆ ಡಗ್ಲಸ್ ಟ್ರಂಬಲ್ ಮತ್ತು ಜಾನ್ ಡಿಕ್‌ಸ್ಟ್ರಾ ತಂಡಗಳ ಕೈಗೆ ಬಂತು. ಡಿಸೆಂಬರ್ 7ರ ಬಿಡುಗಡೆ ದಿನ ಮಾತ್ರ ಅಲುಗುವಂತಿರಲಿಲ್ಲ. ಪರಿಣಾಮದ ಶಾಟ್‌ಗಳು ಕೊನೆಯ ಗಳಿಗೆವರೆಗೂ ಬರುತ್ತಲೇ ಇದ್ದವು. ಶಾಟ್ ಬರುವ ಮೊದಲು ಅದರ ಉದ್ದ ಊಹಿಸಿ ಜಾಗ ಬಿಡಬೇಕು, ಬಂದ ಮೇಲೆ ಸುತ್ತಲಿನ ದೃಶ್ಯಗಳನ್ನು ಅದಕ್ಕೆ ತಕ್ಕಂತೆ ಬಿಗಿಗೊಳಿಸಬೇಕು. ಆ ಎರಡನೇ ಸುತ್ತಿಗೆ ಕಾಲವಿರಲಿಲ್ಲ. ನೌಕೆಯನ್ನು ಸುತ್ತಿ ಬರುವ, ಮೋಡದೊಳಗೆ ಸಾಗುವ ಶಾಟ್‌ಗಳು ಬಂದ ಉದ್ದದಲ್ಲೇ ಉಳಿದವು. ಜನರ ಮುಂದೆ ಪರೀಕ್ಷಾ ಪ್ರದರ್ಶನವೂ ಆಗಲಿಲ್ಲ. ಪೊಮೋನಾದಲ್ಲಿ ಪರೀಕ್ಷಾ ಪ್ರದರ್ಶನ ಒಂದು ಚಿತ್ರವನ್ನು ಕೆಡಿಸಿತ್ತು, ಇಲ್ಲಿ ಅದಿಲ್ಲದೆ ಇನ್ನೊಂದು ಚಿತ್ರ ಸೊರಗಿತು. ವಾಷಿಂಗ್ಟನ್‌ನ ಮೊದಲ ಪ್ರದರ್ಶನಕ್ಕೆ ವೈಸ್ ಪ್ರಿಂಟನ್ನು ತಾವೇ ವಿಮಾನದಲ್ಲಿ ಹೊತ್ತೊಯ್ದರು. ನಲವತ್ತಾರು ವರ್ಷದ ಹಿಂದೆ ಆರ್‌ಕೆಒದಲ್ಲಿ ಸಿಕ್ಕಿದ್ದ ಮೊದಲ ಕೆಲಸವೂ ರೀಲು ಹೊರುವುದೇ ಆಗಿತ್ತು.

ಆ ಚಿತ್ರ ಅರೆಬೆಂದದ್ದೆಂದು ಅವರಿಗೆ ಗೊತ್ತಿತ್ತು. 2001ರಲ್ಲಿ, 87ನೇ ವಯಸ್ಸಿನಲ್ಲಿ, ಡಿವಿಡಿಗಾಗಿ ಅದನ್ನು ಮತ್ತೆ ಕೈಗೆತ್ತಿಕೊಂಡರು. ಅಂದು ಮಾಡಲಾಗದೆ ಬಿಟ್ಟ ಪರಿಣಾಮಗಳನ್ನು ಹಳೆಯ ಸ್ಟೋರಿಬೋರ್ಡ್ ಆಧಾರದಲ್ಲಿ ಮಾಡಿಸಿದರು. ಧ್ವನಿಯನ್ನು ಹೊಸದಾಗಿ ಮಿಶ್ರಣ ಮಾಡಿಸಿದರು. ಉದ್ದವೆನಿಸಿದ ಶಾಟ್‌ಗಳ ತುದಿ ಕತ್ತರಿಸಿದರು, ಪಾತ್ರಗಳ ಸಂಬಂಧ ತಿಳಿಸುವ ಕೆಲವು ತುಣುಕುಗಳನ್ನು ಮರಳಿ ಸೇರಿಸಿದರು. ಒಟ್ಟು ಅವಧಿ 132 ನಿಮಿಷದಿಂದ 136ಕ್ಕೆ ಏರಿತು, ಆದರೂ ಚಿತ್ರ ಮೊದಲಿಗಿಂತ ಚುರುಕಾಗಿ ಓಡುತ್ತದೆ. 2005ರ ಸೆಪ್ಟೆಂಬರ್ 14ರಂದು, 91 ತುಂಬಿದ ನಾಲ್ಕನೇ ದಿನ, ವೈಸ್ ತೀರಿಕೊಂಡರು.